ಗಟ್ಟಿಮೇಳದ ಹೊತ್ತಿನ ಭಾರ

ಶಂಕರಪುರಂ
೧೨ ಜೂನ್ ೨೦೨೪

ಚಿ. ಇಂಚರಾಗೆ ಆಶೀರ್ವಾದಗಳು.

ಗಾಬರಿಯಾಗಬೇಡ, ಇದು ನೋಟೀಸಲ್ಲ. ನೋಟೀಸನ್ನು ಟೈಪ್ ಮಾಡಿರುತ್ತಾರೆ, ಓದಲು ಬರುತ್ತದೆ. ಇಷ್ಟು ಕೆಟ್ಟ ಕೈಬರಹ ಈ ಊರಿನಲ್ಲಿ ಇಬ್ಬರದೇ: ಒಂದು ನಮ್ಮ ರಸ್ತೆಯ ಡಾಕ್ಟರದು, ಇನ್ನೊಂದು ನಿನ್ನ ಹಳೆಯ ಬಾಸ್‌ನದು. ನಾಲ್ಕು ವರ್ಷ ಇದನ್ನೇ ಓದಿಕೊಂಡು ಕಟ್ಟಡಗಳನ್ನು ನಿಲ್ಲಿಸಿದವಳು ನೀನು. ಆದ್ದರಿಂದ ‘ಅಕ್ಷರ ತಿಳಿಯಲಿಲ್ಲ ಸರ್’ ಎಂಬ ನೆಪ ನಡೆಯುವುದಿಲ್ಲ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ನನ್ನ ಮಾತಿಗೆಲ್ಲ ಒಂದೇ ಟಿಕ್ಕು ಬೀಳುತ್ತಿದೆ. ಹಾಗೆಂದರೆ ಬ್ಲಾಕ್ ಮಾಡಿದ್ದಾಳೆಂದು ಅರ್ಥ ಎಂದು ಗೋದಾಳ ಅಣ್ಣ ಶೀನಣ್ಣ ವಿವರಿಸಿದರು. ನ್ಯಾಷನಲ್ ಕಾಲೇಜಿನಲ್ಲಿ ಮೆಟ್ರೋ ಹತ್ತಿದರೆ ಸಂಪಿಗೆ ರಸ್ತೆಗೆ ಹನ್ನೆರಡು ನಿಮಿಷ. ಈ ಕಾಗದ ನಿನ್ನ ಹದಿನೈದನೇ ಅಡ್ಡರಸ್ತೆ ಮುಟ್ಟಲು ಮೂರು ದಿನ. ಆದರೂ ಕಾಗದವೇ ವಾಸಿ. ಮೆಟ್ರೋದಲ್ಲಿ ಬಂದರೆ ನಾನು ನಿಮ್ಮ ಬಾಗಿಲಲ್ಲಿ ನಿಲ್ಲಬೇಕು. ಕಾಗದವಾದರೆ ಬಾಗಿಲ ಕೆಳಗಿನಿಂದಲೂ ತೂರುತ್ತದೆ, ಅದಕ್ಕೆ ಮುಖವಿಲ್ಲ.

ಆಫೀಸು ಹಾಗೇ ಇದೆ. ನಿನ್ನ ಕುರ್ಚಿಯ ಮೇಲೆ ಈಗ ಹಳೆಯ ಡ್ರಾಯಿಂಗ್‌ಗಳು ಕೂತಿವೆ. ನಿನಗಿಂತ ಶಿಸ್ತು, ಹನ್ನೊಂದು ಗಂಟೆಗೆ ಎದ್ದು ಕಾಫಿ ಕೇಳುವುದಿಲ್ಲ. ಕೇಳಿದರೂ ಮಹಡಿಯಿಂದ ಇಳಿಸಿಕೊಡುವವರು ಇಲ್ಲ ಬಿಡು. ನೀನು ಬಾರದ ಆಫೀಸಿನಲ್ಲಿ ಭಾರದ ಲೆಕ್ಕವೂ ಇಲ್ಲ. ಬರುವ ಕೆಲಸಗಳನ್ನು ಬೇರೆಯವರಿಗೆ ದಾಟಿಸುತ್ತಿದ್ದೇನೆ.

ತನಿಖಾ ಸಮಿತಿಯವರ ನೋಟೀಸು ನಿನಗೂ ಬಂದಿರಬೇಕು. ಅದರ ಕನ್ನಡ ಗಮನಿಸಿದೆಯಾ? ‘ದಿನಾಂಕ ೧೮-೨-೨೦೨೪ರಂದು ಚಾಮರಾಜಪೇಟೆಯ ಛತ್ರದಲ್ಲಿ ವಿವಾಹ ಸಮಾರಂಭದ ವೇಳೆ ಉಕ್ಕಿನ ಬಾಲ್ಕನಿ ಕುಸಿದು ಓರ್ವ ಮಹಿಳೆ ಮೃತಪಟ್ಟು ಒಂಬತ್ತು ಜನ ಗಾಯಗೊಂಡ ಬಗ್ಗೆ.’ ಆ ಓರ್ವ ಮಹಿಳೆಗೆ ಗೋದಾ ಎಂಬ ಹೆಸರಿತ್ತು, ಮೂವತ್ತೈದು ವರ್ಷ ನನ್ನ ಹೆಂಡತಿ ಎಂಬ ಹುದ್ದೆಯೂ ಇತ್ತು. ಸಮಿತಿಗೆ ಅದು ಗೊತ್ತಿಲ್ಲವೆಂದಲ್ಲ. ನಮೂನೆಯಲ್ಲಿ ಜಾಗವಿಲ್ಲ.

ಹದಿಮೂರನೆಯ ದಿನ ನೀನು ಬಂದು ಗೇಟಿನ ಹತ್ತಿರ ನಿಂತಿದ್ದನ್ನು ನೋಡಿದೆ. ಊಟಕ್ಕೆ ಕರೆಯಲು ಹೊರಗೆ ಬರುವಷ್ಟರಲ್ಲಿ ನೀನಿರಲಿಲ್ಲ. ಗೇಟಿನ ಮೇಲೆ ನಿನ್ನ ರಾಜೀನಾಮೆ ಚೀಟಿ ಇತ್ತು. ಕಲ್ಲಿಟ್ಟು ಹೋಗಿದ್ದೆ, ಗಾಳಿಗೆ ಹಾರದ ಹಾಗೆ. ಎಂಜಿನಿಯರ್ ಬುದ್ಧಿ.

ಬಾಲ್ಕನಿ ಕೆಲಸದ ಪ್ರಿಂಟ್‌ಔಟು, ಟಿಪ್ಪಣಿ ಏನಾದರೂ ನಿನ್ನ ಹತ್ತಿರ ಉಳಿದಿವೆಯೇ? ಸುಮ್ಮನೆ ಕೇಳಿದೆ.

ಇಂತಿ,
ನಾಗಭೂಷಣ್


ಶಂಕರಪುರಂ
೯ ಜುಲೈ ೨೦೨೪

ಚಿ. ಇಂಚರಾಗೆ,

ಉತ್ತರ ಬರಲಿಲ್ಲ. ನಮ್ಮ ಅಂಚೆಯಣ್ಣ ಬಹಳ ಸಂಕೋಚದ ಮನುಷ್ಯ. ನನ್ನ ಮುಖ ನೋಡಿ, ತಪ್ಪು ತನ್ನದೇ ಎಂಬಂತೆ ನಿನ್ನೆ ಪಕ್ಕದ ಮನೆಯ ಫೋನ್ ಬಿಲ್ಲನ್ನಾದರೂ ಕೊಡಲು ಬಂದಿದ್ದ.

ಈ ನಡುವೆ ಕೆಲಸವಿಲ್ಲದೆ ಹಳೆಯ ಮಾತುಗಳನ್ನು ನೆನೆಯುತ್ತ ಕೂತಿರುತ್ತೇನೆ. ನಾವು ಮಾಡುವ ಕೆಲಸ ಏನೆಂದು ಗೋದಾ ಒಮ್ಮೆ ಕೇಳಿದ್ದಳು. ಕೊಬ್ಬರಿ ಮಿಠಾಯಿಯನ್ನು ತಟ್ಟೆಯಲ್ಲಿ ಚೌಕ ಚೌಕ ಕತ್ತರಿಸುವ ಹಾಗೆ ಕಟ್ಟಡವನ್ನು ಕಂಪ್ಯೂಟರಿನಲ್ಲಿ ಚೂರು ಮಾಡುತ್ತೇವೆ, ಅದಕ್ಕೇ ಫೈನೈಟ್ ಎಲಿಮೆಂಟ್ ಅನ್ನುವುದು. ಆಮೇಲೆ ಒಂದೊಂದು ಚೂರನ್ನೂ ಕೇಳುತ್ತೇವೆ, ನಿನ್ನ ಮೇಲೆ ಇಷ್ಟು ಭಾರ ಬಿದ್ದರೆ ಎಷ್ಟು ಬಗ್ಗುತ್ತೀಯ, ಎಲ್ಲಿ ನೋಯುತ್ತದೆ ಎಂದು. ಹೀಗೆಂದು ದೊಡ್ಡದಾಗಿ ಹೇಳಿದೆ. ಅವಳು ಒಗ್ಗರಣೆ ಸೌಟು ಹಿಡಿದೇ ಕೇಳಿದಳು: “ಭಾರ ಎಲ್ಲಿ ಬೀಳುತ್ತೆ ಅಂತ ಕಂಪ್ಯೂಟರಿಗೆ ಹೇಗ್ರೀ ಗೊತ್ತಾಗುತ್ತೆ?”

“ಅದನ್ನ ನಾವು ಹೇಳ್ತೀವಿ.”

“ನಿಮಗೆ ಹೇಗೆ ಗೊತ್ತಾಗುತ್ತೆ?”

“ಪುಸ್ತಕದಲ್ಲಿ ಬರೆದಿರ್ತಾರೆ. ಜನ ಸೇರೋ ಜಾಗ ಅಂದ್ರೆ ಒಂದು ಚದರ ಮೀಟರಿಗೆ ಐನೂರು ಕಿಲೋ. ಉದ್ದಕ್ಕೂ ಸಮನಾಗಿ ಹರಡೋದು.”

“ಜನ ಏನು ದೋಸೆ ಹಿಟ್ಟೇ, ಸಮನಾಗಿ ಹರಡೋಕೆ?”

ಇಪ್ಪತ್ತೊಂಬತ್ತು ವರ್ಷದ ಅನುಭವವಿದ್ದ ನಾನು ನಕ್ಕು ಎದ್ದುಹೋದೆ.

ತನ್ನ ತೂಕವನ್ನು ಮಾತ್ರ ಅವಳು ನನ್ನ ಲೆಕ್ಕಕ್ಕೆ ಸಿಗಗೊಡಲಿಲ್ಲ. ಮೈಸೂರಿಗೆ ಹೋಗುವಾಗಲೆಲ್ಲ ಮೆಜೆಸ್ಟಿಕ್ಕಿನ ರೈಲ್ವೆ ಸ್ಟೇಷನ್ನಿನಲ್ಲಿ ತೂಕದ ಮೆಷಿನ್ ಹತ್ತಿ ನಿಲ್ಲುತ್ತಿದ್ದಳು. ಚೀಟಿ ಉದುರಿದ ಕೂಡಲೇ ಪರ್ಸಿಗೆ ಸೇರಿಸಿ ಜಿಪ್ ಎಳೆದುಬಿಡುವಳು. ನಾನು ಇಣುಕಿದರೆ, “ನೀವು ಎಲ್ಲಾನೂ ಮೇಲಕ್ಕೇ ರೌಂಡ್ ಆಫ್ ಮಾಡೋರು. ನಿಮಗೆ ಹೇಳಲ್ಲ” ಎನ್ನುತ್ತಿದ್ದಳು. ನಿಜವೇ. ನಮ್ಮ ಕಸುಬಿನ ಮೊದಲ ಪಾಠ ಅದು. ಅರವತ್ತೊಂದು ಬಂದರೆ ಅರವತ್ತೈದು ಅನ್ನು, ತೊಲೆ ತಡೆಯುತ್ತದೆ, ಹೆಂಡತಿ ತಡೆಯುವುದಿಲ್ಲ.

ಮದುವೆಯ ವಿಡಿಯೋವನ್ನು ಶೀನಣ್ಣ ತಂದುಕೊಟ್ಟಿದ್ದಾರೆ. ಮಗಳು ಬಿಂದುವಿನ ಮದುವೆಯ ವಿಡಿಯೋವನ್ನು ಅವರ ಮನೆಯಲ್ಲಿ ಯಾರೂ ನೋಡುವಂತಿಲ್ಲ. ಪಾಪದ ಹುಡುಗಿ, ತಾಳಿ ಕಟ್ಟಿಸಿಕೊಂಡ ನಿಮಿಷಕ್ಕೇ ಸೋದರತ್ತೆಯನ್ನು ಕಳೆದುಕೊಂಡವಳು.

ಆ ಕೆಲಸ ನಡೆಯುತ್ತಿದ್ದಾಗ ನೀನು ಏನೇನು ಕೇಳಿದ್ದೆ, ನಾನು ಏನೇನು ಹೇಳಿದ್ದೆ ಎಂಬುದೆಲ್ಲ ನಿನಗೆ ನೆನಪಿದ್ದರೆ ಒಂದು ಸಾಲು ಬರೆ. ವಯಸ್ಸಾಯಿತು, ನನಗೆ ಮರೆತುಹೋಗುತ್ತದೆ.

ಇಂತಿ,
ನಾಗಭೂಷಣ್


ಮಲ್ಲೇಶ್ವರಂ
೨೭ ಜುಲೈ ೨೦೨೪

ಶ್ರೀ ನಾಗಭೂಷಣ್ ಅವರಿಗೆ ವಿಶಾಲಾಕ್ಷಮ್ಮನ ನಮಸ್ಕಾರಗಳು.

ನಾನು ಇಂಚರಾಳ ಅಜ್ಜಿ. ಮೂರು ವರ್ಷದ ಕೆಳಗೆ ನಿಮ್ಮ ಆಫೀಸಿನ ಪೂಜೆಗೆ ಬಂದಿದ್ದೆ. ನಿಮ್ಮ ಮನೆಯವರು ನನಗೆ ಎರಡು ಸಲ ಕೋಸಂಬರಿ ಬಡಿಸಿ, ಕಣ್ಣಿಗೆ ಆಪರೇಷನ್ ಮಾಡಿಸಿಕೊಳ್ಳಿ ಅಂತ ಬುದ್ಧಿ ಹೇಳಿದರು. ಮಾಡಿಸಿಕೊಂಡೆ. ಅದರಿಂದಲೇ ಈಗ ಇದನ್ನು ಬರೆಯಲು ಸಾಧ್ಯವಾಗಿದೆ. ಅವರಿಗೆ ಹೇಳೋಣವೆಂದರೆ ಅವರೇ ಇಲ್ಲ.

ನಿಮ್ಮ ಎರಡು ಕಾಗದಗಳನ್ನೂ ಹುಡುಗಿ ಒಡೆದಿಲ್ಲ. ದೇವರ ಮನೆಯ ಪಂಚಾಂಗದ ಒಳಗೆ ಇಟ್ಟಿದ್ದಾಳೆ. ನಾನು ಏಕಾದಶಿ ಯಾವತ್ತು ಅಂತ ನೋಡಲು ಹೋದಾಗಲೆಲ್ಲ ನೀವು ಸಿಗುತ್ತೀರಿ. ಕೆಲಸಕ್ಕೆ ಹೋಗುವುದಿಲ್ಲ. ಬೀದಿಯ ನಾಲ್ಕು ಹುಡುಗಿಯರಿಗೆ ಗಣಿತ ಹೇಳಿಕೊಡುತ್ತಾಳೆ. ಮದುವೆಯ ಕರೆಯೋಲೆ ಬಂದರೆ ಎದ್ದು ಒಳಗೆ ಹೋಗುತ್ತಾಳೆ. ಮೊನ್ನೆ ಎದುರು ಮನೆಯ ಗೃಹಪ್ರವೇಶದಲ್ಲಿ ಗಟ್ಟಿಯಾಗಿ ವಾದ್ಯ ಬಾರಿಸಿದರು ನೋಡಿ, ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಅರ್ಧ ಗಂಟೆ. “ಏನೇ ಮಾಡ್ತಿದೀಯಾ?” ಅಂದರೆ “ಸ್ನಾನ ಮಾಡ್ತಿದೀನಿ ಅಜ್ಜಿ” ಅಂದಳು. ನಲ್ಲಿಯ ಸದ್ದೇ ಇರಲಿಲ್ಲ.

ಸಮಿತಿಯವರಿಗೆ ಒಂದು ಹೇಳಿಕೆ ಬರೆದುಕೊಡುತ್ತಾಳಂತೆ. ತಪ್ಪೆಲ್ಲ ತನ್ನದೇ, ಸರ್ ಅವರದ್ದೇನೂ ಇಲ್ಲ ಅಂತ. ಬರೆದುಕೊಟ್ಟರೆ ಅವಳು ಮತ್ತೆ ಎಂಜಿನಿಯರ್ ಅನ್ನಿಸಿಕೊಳ್ಳಲು ಆಗುವುದಿಲ್ಲ, ಜೈಲಿಗೂ ಹಾಕಬಹುದು ಅಂತ ನಮ್ಮ ಈಶ್ವರ್ ಅನ್ನುತ್ತಾನೆ. ಅವನು ವಕೀಲ, ನನ್ನ ತಮ್ಮನ ಮಗ.

ಅವಳು ತಪ್ಪು ಮಾಡಿದ್ದರೆ ಮಾಡಿದ್ದಾಳೆ ಅಂತ ಹೇಳಿ, ತಡೆದುಕೊಳ್ಳುತ್ತೇನೆ. ಮಾಡಿಲ್ಲದಿದ್ದರೆ ಅದನ್ನೂ ಹೇಳಿ. ನೀವಲ್ಲದೆ ಯಾರಿಗೂ ಗೊತ್ತಿರಲಿಕ್ಕಿಲ್ಲ.

ಇಲ್ಲಿಗೆ ಮುಗಿಸುತ್ತೇನೆ. ಊಟದ ಬಗ್ಗೆ ಉದಾಸೀನ ಮಾಡಬೇಡಿ.

ವಿಶಾಲಾಕ್ಷಮ್ಮ


ಮಲ್ಲೇಶ್ವರಂ
೧೪ ಆಗಸ್ಟ್ ೨೦೨೪

ಸರ್,

ಅಜ್ಜಿ ನಿಮಗೆ ಬರೆದ ವಿಷಯ ನಿನ್ನೆ ತಿಳಿಯಿತು. ಅದಕ್ಕಾಗಿ ಕ್ಷಮಿಸಿ. ನಿಮ್ಮ ಕಾಗದಗಳನ್ನು ಈಗ ಓದಿದೆ.

ಪ್ರಿಂಟ್‌ಔಟುಗಳು ಯಾವುವೂ ನನ್ನ ಹತ್ತಿರ ಇಲ್ಲ. ಎಲ್ಲ ಆಫೀಸಿನ ಫೈಲಿನಲ್ಲೇ ಇದ್ದವು.

ಹೇಳಿಕೆಯಲ್ಲಿ ನಾನು ಬರೆಯುವುದು ಇಷ್ಟು: ಬಾಲ್ಕನಿಯ ತೊಲೆಗಳು ಹಿಂದಿನ ಹಳೇ ಗೋಡೆಯಿಂದ ಹತ್ತು ಅಡಿ ಬಂದು ಕಂಬದ ಮೇಲೆ ಕೂತು, ಅಲ್ಲಿಂದ ಏಳು ಅಡಿ ಹಾಲಿನ ಕಡೆಗೆ ಚಾಚಿಕೊಂಡಿದ್ದವು. ನಾನು ಪೂರ್ತಿ ಬಾಲ್ಕನಿಯ ಮೇಲೆ ಜನರ ಭಾರವನ್ನು ಸಮನಾಗಿ ಹರಡಿದೆ. ಹಾಗೆ ಹರಡಿದಾಗ ಹಿಂದೆ ಕೂತವರ ಭಾರ ಮುಂದಿನವರನ್ನು ಹಿಡಿದಿಡುತ್ತದೆ. ಹಿಂದಿನ ತುದಿ ಗೋಡೆಯನ್ನು ಕೆಳಕ್ಕೆ ಒತ್ತುತ್ತದೆ ಎಂದೇ ಉತ್ತರ ಬಂತು. ಅದಕ್ಕೇ ಅಲ್ಲಿ ತೊಲೆಗೆ ಎರಡೆರಡು ಸಣ್ಣ ಬೋಲ್ಟು ಸಾಕು ಎಂದು ಬರೆದೆ. ಬೆಂಚಿನ ಒಂದು ತುದಿಯವರು ಎದ್ದರೆ ಇನ್ನೊಂದು ತುದಿಯವರು ಬೀಳುತ್ತಾರೆಂದು ನನ್ನ ಹತ್ತಿರ ಪಾಠಕ್ಕೆ ಬರುವ ಎಂಟನೇ ಕ್ಲಾಸಿನ ಹುಡುಗಿಯರಿಗೂ ಗೊತ್ತು.

ನಾನು ಎಷ್ಟು ಮದುವೆ ನೋಡಿದ್ದೇನೆ ಸರ್. ಪುರೋಹಿತರು ಗಟ್ಟಿಮೇಳ ಅಂದ ತಕ್ಷಣ ಎಲ್ಲರೂ ಅಕ್ಷತೆ ಹಿಡಿದು ಮುಂದಕ್ಕೆ ನುಗ್ಗುತ್ತಾರೆ. ನಾನೇ ಎಷ್ಟು ಸಲ ಕುರ್ಚಿ ಬೀಳಿಸಿಕೊಂಡು ಓಡಿದ್ದೇನೆ. ಆದರೆ ಮಾಡೆಲ್‌ನಲ್ಲಿ ಎಲ್ಲರನ್ನೂ ಕುರ್ಚಿಯಲ್ಲಿ ಕೂರಿಸಿಬಿಟ್ಟೆ. ಯಾರೂ ಏಳಲಿಲ್ಲ.

ಇದು ನನ್ನ ತಪ್ಪು. ನೀವು ನನ್ನನ್ನು ನಂಬಿ ಸಹಿ ಹಾಕಿದಿರಿ. ಅಷ್ಟೇ.

ಆಂಟಿ ಕೊಟ್ಟಿದ್ದ ಚಟ್ನಿಪುಡಿಯ ಸ್ಟೀಲ್ ಡಬ್ಬಿ ನನ್ನ ಹತ್ತಿರವೇ ಉಳಿದಿದೆ. ಪುಡಿ ಇನ್ನೂ ಕಾಲು ಭಾಗ ಇದೆ. ಏನು ಮಾಡಬೇಕೋ ತಿಳಿಯುತ್ತಿಲ್ಲ.

ಇಂಚರಾ


ಶಂಕರಪುರಂ
೩ ಸೆಪ್ಟೆಂಬರ್ ೨೦೨೪

ಚಿ. ಇಂಚರಾಗೆ,

ಹೇಳಿಕೆಯನ್ನು ಈಗಲೇ ಕೊಡಬೇಡ. ಸಮಿತಿಯವರು ಜನವರಿಯವರೆಗೆ ಸಮಯ ಕೊಟ್ಟಿದ್ದಾರೆ. ಸರ್ಕಾರ ಕೊಟ್ಟ ಸಮಯವನ್ನು ಪೂರ್ತಿ ಬಳಸದಿದ್ದರೆ ಅದಕ್ಕೆ ಬೇಜಾರಾಗುತ್ತದೆ.

ಸಮಿತಿಗೆ ಇನ್ನೊಂದು ಬೇಕಾಗಿದೆ. ಆ ಹೊತ್ತಿನಲ್ಲಿ ಬಾಲ್ಕನಿಯ ಮೇಲೆ ನಿಜವಾಗಿ ಎಲ್ಲೆಲ್ಲಿ ಎಷ್ಟು ಜನ ನಿಂತಿದ್ದರು ಎಂಬುದು. ಪುಸ್ತಕದ ಭಾರವಲ್ಲ, ಅವತ್ತಿನ ಭಾರ. ಅದಕ್ಕೆ ಇರುವ ಸಾಕ್ಷಿ ವಿಡಿಯೋ ಒಂದೇ. ಫೋಟೋದವನು ಮಂಟಪದ ಪಕ್ಕದ ಸ್ಟೂಲಿನ ಮೇಲೆ ಒಂದು ಕ್ಯಾಮೆರಾ ಇಟ್ಟು ಮರೆತಿದ್ದ. ಅದರಲ್ಲಿ ಬಾಲ್ಕನಿ ಪೂರ್ತಿ ಕಾಣುತ್ತದೆ. ದಿನಾ ಬೆಳಿಗ್ಗೆ ಕೂತು ಎಣಿಸುತ್ತಿದ್ದೇನೆ.

ಮೇಲಿದ್ದವರು ನಲವತ್ತೊಂದು. ಎಲ್ಲರೂ ಕುರ್ಚಿಯಲ್ಲಿ. ನಿನ್ನ ಮಾಡೆಲ್‌ನಲ್ಲಿ ಕೂತ ಹಾಗೇ, ಒಳ್ಳೆಯ ಮಕ್ಕಳಂತೆ. ಪುರೋಹಿತರು ಕೈ ಎತ್ತುತ್ತಾರೆ. ಡೋಲು ಶುರುವಾಗುತ್ತದೆ. ನಾಲ್ಕು ಸೆಕೆಂಡಿಗೆ ಹದಿನೇಳು ಜನ ಕಟಕಟೆಯ ಹತ್ತಿರ. ಆರು ಸೆಕೆಂಡಿಗೆ ಇಪ್ಪತ್ತೈದು. ಕಡ್ಡಿ ಪೈಲ್ವಾನನಂಥ ಒಬ್ಬ ಯಜಮಾನರು ಎಲ್ಲರನ್ನೂ ಮೊಣಕೈಯಲ್ಲಿ ಸರಿಸಿಕೊಂಡು ಬರುತ್ತಾರೆ, ತಾಳಿ ಅವರೇ ಕಟ್ಟಬೇಕೇನೋ ಎಂಬಂತೆ. ಒಂಬತ್ತನೇ ಸೆಕೆಂಡಿಗೆ ಮೂವತ್ತಮೂರು. ಆಮೇಲೆ ಹಿಂದಿನ ಸಾಲಿನಿಂದ ಒಂದು ಹಸಿರು ಸೆರಗು ಏಳುತ್ತದೆ. ನಾನು ಅಲ್ಲಿಗೆ ನಿಲ್ಲಿಸುತ್ತೇನೆ.

ಇಪ್ಪತ್ತು ದಿನದಿಂದ ಮೂವತ್ತಮೂರಕ್ಕೇ ನಿಲ್ಲುತ್ತಿದೆ.

ಅವಳಿಗೆ ಮಂಡಿ ನೋವಲ್ಲವೇ. ಮದುವೆಗಳಲ್ಲಿ ಕೂತಲ್ಲಿಂದಲೇ ಅಕ್ಷತೆ ಎಸೆಯುವಳು, ಅದು ಮುಂದಿನವರ ತುರುಬಿನಲ್ಲಿ ಉಳಿಯುವುದು. ಅವತ್ತು ಸ್ವಂತ ಅಣ್ಣನ ಮಗಳ ಮದುವೆ. ಎದ್ದಳು.

ಇಂಚರಾ, ಒಂದು ಮಾತು. ಮುಂದಿನವರು, ಹಿಂದಿನವರು ಎಂಬ ಯೋಚನೆ ಆ ದಿನಗಳಲ್ಲಿ ನಿನಗೆ ಬಂದೇ ಇರಲಿಲ್ಲವೇ? ನೀನು ನನ್ನನ್ನು ಏನೂ ಕೇಳಿರಲಿಲ್ಲವೇ?

ಇಂತಿ,
ನಾಗಭೂಷಣ್


ಮಲ್ಲೇಶ್ವರಂ
೨೫ ಸೆಪ್ಟೆಂಬರ್ ೨೦೨೪

ಸರ್,

ನನಗೆ ನೆನಪಿಲ್ಲ.

ದಯವಿಟ್ಟು ಅದನ್ನು ಮತ್ತೆ ಕೇಳಬೇಡಿ. ವಿಡಿಯೋ ನೋಡುವುದನ್ನೂ ನಿಲ್ಲಿಸಿ. ನಿಮ್ಮ ಹೋದ ಕಾಗದದ ಕೊನೆಯಲ್ಲಿ ತಮಾಷೆಯೇ ಇರಲಿಲ್ಲ. ನನಗೆ ಹೆದರಿಕೆಯಾಯಿತು.

ಇಂಚರಾ


ಶಂಕರಪುರಂ
೧೧ ನವೆಂಬರ್ ೨೦೨೪

ಇಂಚರಾ,

ಇದನ್ನು ಬರೆಯಲು ಆರು ವಾರ ಹಿಡಿಯಿತು. ಮೂರು ಸಲ ಬರೆದು ಹರಿದೆ. ಪ್ರತಿ ಸಲವೂ ಎಲ್ಲೋ ಒಂದು ಕಡೆ ನಗೆಚಾಟಿಕೆ ನುಸುಳುತ್ತಿತ್ತು. ಚಟ. ಈ ಸಲ ಪ್ರಯತ್ನಪಟ್ಟು ನೇರವಾಗಿ ಬರೆಯುತ್ತೇನೆ.

ಗೋದಾ ಹೋದ ಐದನೆಯ ದಿನ ಆಫೀಸಿಗೆ ಇಳಿದು ಬಾಲ್ಕನಿಯ ಫೈಲು ತೆಗೆದೆ. ಹದಿನಾಲ್ಕನೇ ಹಾಳೆಯ ಅಂಚಿನಲ್ಲಿ ನಿನ್ನ ಪೆನ್ಸಿಲ್ಲಿನ ಬರಹ ಇತ್ತು. ‘ಸರ್, ಗಟ್ಟಿಮೇಳದ ಹೊತ್ತಿಗೆ ಎಲ್ಲರೂ ಮುಂದೆ ಬಂದರೆ? ಹಿಂದೆ ಖಾಲಿ, ಮುಂದೆ ಭರ್ತಿ ಅಂತ ಇನ್ನೊಂದು ಲೋಡ್ ಕೇಸ್ ಹಾಕಲಾ?’

ಅದರ ಕೆಳಗೆ ಕೆಂಪು ಇಂಕಿನಲ್ಲಿ ನನ್ನ ಕೈಬರಹ. ‘ಗಟ್ಟಿಮೇಳಕ್ಕೆ ಯಾರಮ್ಮ ಏಳ್ತಾರೆ? ನಮ್ಮ ಜನ ಏಳೋದು ಊಟಕ್ಕೆ! ಹಾಗೇ ಬಿಡು.’ ಪಕ್ಕದಲ್ಲಿ ನಗುವ ಮುಖ. ಅದರ ಪಕ್ಕದಲ್ಲಿ ಸಹಿ.

ಅವತ್ತು ಆ ಹಾಳೆಯನ್ನು ನಿನಗೆ ಕೊಟ್ಟು ಗಟ್ಟಿಯಾಗಿ ಓದಿಯೂ ಹೇಳಿದೆ. ನೀನು ನಕ್ಕೆ. ಗೋದಾ ಕಾಫಿ ಲೋಟ ಇಡುತ್ತಿದ್ದಳು, ಅವಳೂ ನಕ್ಕಳು. “ಇವರನ್ನ ಏನಾದ್ರೂ ಕೇಳಿದ್ರೆ ಇಷ್ಟೇ ಕಣೇ” ಅಂದಳು.

ಆ ಹಾಳೆಯನ್ನು ಫೈಲಿನಿಂದ ಬಿಡಿಸಿ, ಮೇಲಕ್ಕೆ ಹೋಗಿ, ಬೀರುವಿನಲ್ಲಿ ಅವಳ ಸೀರೆಗಳ ಕೆಳಗೆ ಇಟ್ಟೆ. ಅಲ್ಲಿ ಯಾರೂ ಕೈ ಹಾಕುವುದಿಲ್ಲ. ನಾನೂ ಹಾಕುವುದಿಲ್ಲ.

ಜೂನ್, ಜುಲೈನಲ್ಲಿ ನಿನಗೆ ಕಾಗದ ಬರೆದದ್ದು ನಿನ್ನ ಕ್ಷೇಮ ವಿಚಾರಿಸಲು ಎಂದು ನೀನು ತಿಳಿದಿರಬೇಕು. ಅಲ್ಲ. ನಿನಗೆ ಆ ಹಾಳೆ ನೆನಪಿದೆಯೋ, ಅದರ ನಕಲು ನಿನ್ನ ಹತ್ತಿರ ಇದೆಯೋ ಎಂದು ತಿಳಿದುಕೊಳ್ಳಲು. ಕುರ್ಚಿ, ಅಂಚೆಯಣ್ಣ, ಕೊಬ್ಬರಿ ಮಿಠಾಯಿ ಎಲ್ಲವೂ ಅದರ ಸುತ್ತ ಸುತ್ತಿದ ಕಾಗದ. ಆಮೇಲೆ ನಿನ್ನ ಅಜ್ಜಿಯ ಪತ್ರ ಬಂತು. ನಲ್ಲಿಯ ಸದ್ದಿಲ್ಲದ ಸ್ನಾನ. ಆಮೇಲೆ ನಿನ್ನ ‘ನೆನಪಿಲ್ಲ’. ಒಂದು ಸಣ್ಣ ಸೈಟಿನ ಕಾಂಪೌಂಡಿಗೆ ಎಷ್ಟು ಕಲ್ಲು ಹೋಯಿತೆಂದು ಮೂರು ವರ್ಷದ ಮೇಲೆ ಹೇಳಬಲ್ಲವಳು ನೀನು. ನಿನಗೆ ನೆನಪಿಲ್ಲವಂತೆ.

ನಿನ್ನೆ ಸೀರೆಗಳ ಕೆಳಗಿನಿಂದ ಹಾಳೆ ತೆಗೆದೆ. ಇವತ್ತು ಬೆಳಿಗ್ಗೆ ಅದನ್ನೂ ನನ್ನ ಹೇಳಿಕೆಯನ್ನೂ ಸಮಿತಿಗೆ ಕೊಟ್ಟು ಬಂದೆ. ಅಧ್ಯಕ್ಷರು ಹಾಳೆಯನ್ನು ಓದಿದರು. ನನ್ನ ಮುಖ ನೋಡಿದರು. ಅವರು ನಗಲಿಲ್ಲ. ಆ ಜೋಕಿಗೆ ನಗದೇ ಇದ್ದ ಮೊದಲ ಮನುಷ್ಯ ಅವರೇ. ನನ್ನ ಲೈಸೆನ್ಸನ್ನೂ ಒಪ್ಪಿಸಿದ್ದೇನೆ. ಮುಂದೆ ಏನು ಬರುತ್ತದೋ ಬರಲಿ.

ನೀನು ಕೇಳಿದ್ದೆ, ಇಂಚರಾ. ಅದು ಈಗ ಕಾಗದದ ಮೇಲೆ, ಸರ್ಕಾರದ ಮೊಹರಿನ ಕೆಳಗೆ ಇದೆ. ಅಜ್ಜಿಗೆ ಓದಿ ಹೇಳು. ಅವರ ಪ್ರಶ್ನೆಗೆ ಉತ್ತರಿಸಲು ಮೂರೂವರೆ ತಿಂಗಳು ತೆಗೆದುಕೊಂಡೆ.

ಅವತ್ತಿನ ಭಾರದ ಮಾಡೆಲ್ಲನ್ನು ಯಾರು ಮಾಡುತ್ತಾರೆಂದು ಸಮಿತಿಯವರು ಕೇಳಿದರು. ನಿನ್ನ ಹೆಸರು ಹೇಳಿದೆ. ಅವರು ತಮ್ಮ ಎಂಜಿನಿಯರನ್ನು ಪಕ್ಕದಲ್ಲಿ ಕೂರಿಸಿ ನಿನ್ನ ಲೆಕ್ಕವನ್ನು ಪರೀಕ್ಷಿಸುತ್ತಾರೆ. ನೀನು ಒಲ್ಲೆ ಎನ್ನಬಹುದು. ಎಂದರೆ ನನಗೆ ಕೋಪವಿಲ್ಲ. ವಿಡಿಯೋ ಇರುವ ಪೆನ್ ಡ್ರೈವ್ ಇದರ ಜೊತೆಗಿದೆ. ನನ್ನಿಂದ ಮೂವತ್ತಮೂರಕ್ಕಿಂತ ಮುಂದೆ ಹೋಗಲಾಗಲಿಲ್ಲ.

ನಾಗಭೂಷಣ್


ಮಲ್ಲೇಶ್ವರಂ
೨೦ ಜನವರಿ ೨೦೨೫

ಸರ್,

ನೆನಪಿತ್ತು. ಹಾಳೆಯ ನಂಬರ್ ಸಮೇತ.

ನಿಮ್ಮನ್ನು ಉಳಿಸಲು ಸುಳ್ಳು ಹೇಳಿದೆ ಎಂದುಕೊಳ್ಳಬೇಡಿ, ನಾನು ಅಷ್ಟು ಒಳ್ಳೆಯವಳಲ್ಲ. ಕೇಳಿದ್ದು ನೆನಪಿದೆ ಎಂದರೆ ನಕ್ಕಿದ್ದನ್ನೂ ಹೇಳಬೇಕಾಗುತ್ತಿತ್ತು. ಇನ್ನೊಂದು ಕೇಸ್ ಹಾಕಿ ನೋಡಲು ನನಗೆ ಇಪ್ಪತ್ತು ನಿಮಿಷ ಸಾಕಾಗಿತ್ತು. ನಿಮ್ಮ ಅಪ್ಪಣೆಯೇ ಬೇಕಿರಲಿಲ್ಲ. ನಕ್ಕು, ಕಾಫಿ ಕುಡಿದು, ಮುಂದಿನ ಹಾಳೆಗೆ ಹೋದೆ. ಇದನ್ನೇ ಸಮಿತಿಯ ಮುಂದೆಯೂ ಹೇಳಿದ್ದೇನೆ. ಬರೆದುಕೊಂಡರು.

ನಿಮ್ಮ ಕಾಗದವನ್ನು ಅಜ್ಜಿಗೆ ಪೂರ್ತಿ ಓದಿದೆ. ಕೇಳಿ, “ಆ ಮನುಷ್ಯನಿಗೆ ಅಡುಗೆ ಯಾರೇ ಮಾಡ್ತಾರೆ?” ಎಂದರು.

ಮಾಡೆಲ್ ಮುಗಿಯಿತು. ಬಾಲ್ಕನಿಯನ್ನು ಮೊದಲಿಗಿಂತ ಸಣ್ಣ ಚೂರುಗಳಾಗಿ ಕತ್ತರಿಸಿ, ವಿಡಿಯೋದಲ್ಲಿ ಯಾರು ಎಲ್ಲಿ ಕಾಲಿಟ್ಟರೋ ಅಲ್ಲೇ ಅವರನ್ನು ನಿಲ್ಲಿಸಿದೆ. ಈ ಸಲ ಯಾರನ್ನೂ ಹರಡಲಿಲ್ಲ. ಅವಸರದಲ್ಲಿ ಕಾಲು ಕುಟ್ಟಿ ಬರುವುದಕ್ಕೂ ಭಾರ ಸೇರಿಸಿದೆ. ಇನ್ನೊಂದು ತಪ್ಪೂ ಸಿಕ್ಕಿತು. ಹಳೆಯ ಮಾಡೆಲ್‌ನಲ್ಲಿ ಹಿಂದಿನ ಗೋಡೆ ತೊಲೆಯನ್ನು ಹಿಡಿದುಕೊಂಡಿತ್ತು, ಮೇಲಕ್ಕೂ ಕೆಳಕ್ಕೂ. ನಿಜದಲ್ಲಿ ತೊಲೆ ಗೋಡೆಯ ಮೇಲೆ ಸುಮ್ಮನೆ ಕೂತಿತ್ತು. ಹಳೇ ಇಟ್ಟಿಗೆ, ಸುಣ್ಣದ ಗಾರೆ. ಬೋಲ್ಟುಗಳು ಅದರಿಂದ ಈಚೆಗೆ ಬಂದುಬಿಟ್ಟವು.

ನೀವು ಎಣಿಸದೆ ಬಿಟ್ಟದ್ದನ್ನು ನಾನು ಎಣಿಸಿದೆ. ಮೂವತ್ತನಾಲ್ಕನೆಯವರು ಗೋದಾ ಆಂಟಿ. ಬಲಗೈ ಮುಷ್ಟಿಯಲ್ಲಿ ಅಕ್ಷತೆ, ಎಡಗೈ ಕುರ್ಚಿಗಳ ಬೆನ್ನು ಹಿಡಿದುಕೊಂಡು. ಕಟಕಟೆಯ ಹತ್ತಿರ ಜಾಗವಿರಲಿಲ್ಲ. ಮುಂದಿದ್ದ ಹುಡುಗಿಯ ಭುಜದ ಮೇಲಿಂದ ಎಸೆದರು. ಈ ಸಲ ತುರುಬಿನಲ್ಲಿ ಉಳಿಯಲಿಲ್ಲ ಸರ್. ಕೆಳಗೆ ಬಿತ್ತು. ಮಂಟಪದವರೆಗೆ ಹೋಯಿತೋ ಇಲ್ಲವೋ ಕ್ಯಾಮೆರಾದಲ್ಲಿ ಕಾಣುವುದಿಲ್ಲ.

ಮಾಡೆಲ್ಲನ್ನು ಎರಡು ಸಲ ಓಡಿಸಿದೆ. ಒಮ್ಮೆ ಮೂವತ್ತನಾಲ್ಕು ಜನರನ್ನು ಹಾಕಿ, ಒಮ್ಮೆ ಮೂವತ್ತಮೂರು. ಮೂವತ್ತಮೂರಕ್ಕೇ ಹಿಂದಿನ ತುದಿ ಎದ್ದಿತ್ತು. ಆಂಟಿ ಕುರ್ಚಿಯಿಂದ ಎರಡು ಹೆಜ್ಜೆ ಇಡುವಾಗಲೇ ಹಿಂದಿನ ಗೋಡೆಯ ಗಾರೆ ಉದುರುವುದು ವಿಡಿಯೋದ ಮೂಲೆಯಲ್ಲಿ ಕಾಣುತ್ತದೆ. ನೀವು ಅಲ್ಲಿಯವರೆಗೆ ನೋಡಿಲ್ಲದ್ದರಿಂದ ಹೇಳುತ್ತಿದ್ದೇನೆ. ಅವರು ಎದ್ದದ್ದರಿಂದ ಬಿದ್ದದ್ದಲ್ಲ.

ವರದಿಯಲ್ಲಿ ಒಂದೇ ಒಂದು ಜಾಗ ಖಾಲಿ ಉಳಿದಿದೆ. ಗಾಯಗೊಂಡ ಒಂಬತ್ತು ಜನರ ತೂಕ ಕೇಳಿ ಬರೆದುಕೊಂಡೆ. ಮಿಕ್ಕವರಿಗೆ ಅರವತ್ತೆಂಟು ಕಿಲೋ ಎಂದು ಹಾಕಿದ್ದೇನೆ. ಆಂಟಿಗೂ ಅದನ್ನೇ ಹಾಕಬಹುದು. ಎರಡು ದಿನದಿಂದ ಕೈ ಬರುತ್ತಿಲ್ಲ. ನಿಮಗೆ ಗೊತ್ತಿದ್ದರೆ ತಿಳಿಸಿ.

ಫೆಬ್ರವರಿ ಮೊದಲ ವಾರ ವರ್ಷದ ಕಾರ್ಯ ಎಂದು ಶೀನಣ್ಣ ಫೋನ್ ಮಾಡಿದ್ದರು. ಅಜ್ಜಿಯನ್ನು ಕರೆದುಕೊಂಡು ಬರುತ್ತೇನೆ. ಊಟಕ್ಕೆ ಕೂರುತ್ತೇನೆ. ಡಬ್ಬಿಯನ್ನು ತರುತ್ತೇನೆ, ತೊಳೆದಿಲ್ಲ.

ಇಂಚರಾ


ಶಂಕರಪುರಂ
೨೪ ಜನವರಿ ೨೦೨೫

ಚಿ. ಇಂಚರಾಗೆ,

ಗೋದಾ ಕೊನೆಯವರೆಗೂ ನನಗೆ ಹೇಳಿರಲಿಲ್ಲ. ಪೊಲೀಸರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದ ಅವಳ ಪರ್ಸನ್ನು ಇವತ್ತು ತೆರೆದೆ. ಬಸ್ಸಿನ ಟಿಕೆಟು, ಎರಡು ಹೇರ್‌ಪಿನ್ನು, ಒಂದು ಚಿಟಿಕೆ ಅಕ್ಷತೆ, ಮೆಜೆಸ್ಟಿಕ್ ಸ್ಟೇಷನ್ನಿನ ಚೀಟಿ. ತಾರೀಖು ಹೋದ ವರ್ಷದ ಜನವರಿಯದು, ಮದುವೆ ಸೀರೆಗೆಂದು ಮೈಸೂರಿಗೆ ಹೋಗಿದ್ದೆವು. ಚೀಟಿಯ ಹಿಂದೆ ಭವಿಷ್ಯವೂ ಅಚ್ಚಾಗಿದೆ. ಅದನ್ನು ಬರೆಯುವುದಿಲ್ಲ.

ಐವತ್ತಾರೂವರೆ ಕಿಲೋ.

ರೌಂಡ್ ಆಫ್ ಮಾಡಬೇಡ.

ನಾಗಭೂಷಣ್